ನಾಯಿ ಬಿಡುವ ಜಾಗ ತೊಳೆಯುವುದು ಹೇಗೆ: ಫಿನಾಯಿಲ್ ಸುರಿಯುವ ಮುಂಚೆ ಇದನ್ನು ಓದಿ

ಮನೆ ಹಿಂದೆಯೋ ಪಕ್ಕದಲ್ಲೋ ಜಾಲರಿ ಕಟ್ಟಿ ನಾಯಿ ಓಡಾಡಲು ಒಂದು ಜಾಗ ಮಾಡಿಕೊಂಡಿದ್ದೀರಿ. ಒಳ್ಳೆಯದು. ಈಗ ಅದನ್ನು ತೊಳೆಯುವ ವಿಷಯ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವುದು ಇಷ್ಟೇ: ಪೈಪ್ ಹಿಡಿದು ಎಲ್ಲವನ್ನೂ ಒಂದು ಮೂಲೆಗೆ ತಳ್ಳುವುದು, ಮೇಲೆ ಎರಡು ಮುಚ್ಚಳ ಫಿನಾಯಿಲ್ ಸುರಿಯುವುದು, ಘಮ್ ಅಂತ ವಾಸನೆ ಬಂದರೆ ಕ್ಲೀನ್ ಆಯಿತು ಅಂದುಕೊಳ್ಳುವುದು. ವಾಸನೆ ಫಿನಾಯಿಲ್‌ದು. ಗಲೀಜು ಮೊದಲಿದ್ದಲ್ಲೇ ಇದೆ. ಈಗ ಒದ್ದೆಯಾಗಿ ಇನ್ನಷ್ಟು ಅಗಲಕ್ಕೆ ಹರಡಿದೆ, ಅಷ್ಟೇ.

ಕೆಲಸದ ಕ್ರಮ ಸುಲಭ. ಮೊದಲು ಮಲ, ಕಸ ಎತ್ತಬೇಕು. ಆಮೇಲೆ ಸೋಪು ಹಾಕಿ ಉಜ್ಜಿ ತೊಳೆಯಬೇಕು. ಆಮೇಲೆ ಕ್ರಿಮಿ ಸಾಯಿಸುವ ಔಷಧಿ ಹಾಕಿ ಹತ್ತು ನಿಮಿಷ ಬಿಡಬೇಕು. ಕೊನೆಗೆ ನೀರು ಹಾಕಿ ಪೂರ್ತಿ ಒಣಗಿಸಬೇಕು. ಜನ ತಲೆ ಕೆಡಿಸಿಕೊಳ್ಳುವುದೆಲ್ಲ ಮೂರನೆಯದಕ್ಕೆ, ಯಾವ ಔಷಧಿ, ಯಾವ ಕಂಪನಿ ಅಂತ. ನನ್ನನ್ನು ಕೇಳಿದರೆ ಎತ್ತುವುದು ಮತ್ತು ಒಣಗಿಸುವುದು, ಈ ಎರಡು ನೆಟ್ಟಗೆ ನಡೆದರೆ ಮುಕ್ಕಾಲು ಕೆಲಸ ಮುಗಿಯಿತು.

ಎತ್ತುವ ಕೆಲಸಕ್ಕೆ ರಜೆ ಇಲ್ಲ

ಮಲವನ್ನು ದಿನಾ ಎತ್ತಬೇಕು. ಸಾಧ್ಯವಾದರೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಭಾನುವಾರ ಒಟ್ಟಿಗೆ ನೋಡಿಕೊಳ್ಳೋಣ ಅಂತ ಬಿಡುವ ಹಾಗಿಲ್ಲ. ಮಲದ ಜೊತೆ ಹೊರಗೆ ಬಿದ್ದ ಕೊಕ್ಕೆಹುಳದ ಮೊಟ್ಟೆ ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಒಡೆಯುತ್ತದೆ, ಸುಮಾರು ಒಂದು ವಾರದೊಳಗೆ ಚರ್ಮ ಕೊರೆದು ಒಳಗೆ ಹೋಗುವಷ್ಟು ಬೆಳೆದ ಮರಿ ಆಗುತ್ತದೆ. ಅದಕ್ಕೆ ನಾಯಿಯ ಪಾದವೂ ಆಗುತ್ತದೆ, ಬರಿಗಾಲಲ್ಲಿ ಚೆಂಡು ತರಲು ಹೋದ ಮಗುವಿನ ಪಾದವೂ ಆಗುತ್ತದೆ. ಮನುಷ್ಯರ ಚರ್ಮದಲ್ಲಿ ಅದು ಅಂಕುಡೊಂಕಾದ ಕೆಂಪು ಗೆರೆ ಎಳೆಯುತ್ತಾ ಹೋಗುತ್ತದೆ, ವಿಪರೀತ ತುರಿಕೆ. ಇನ್ನು ಜಂತುಹುಳ. ಇದರ ಮೊಟ್ಟೆ ಅಂಟುವ ಹಂತಕ್ಕೆ ಬರಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಒಮ್ಮೆ ಮಣ್ಣು ಸೇರಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಬ್ಲೀಚಿಗೂ ಜಗ್ಗುವುದಿಲ್ಲ. ಅಂದರೆ ನೀವು ಎಷ್ಟೇ ದುಬಾರಿ ಬಾಟಲಿ ತಂದರೂ ಈ ಮೊಟ್ಟೆಗಳ ವಿಷಯದಲ್ಲಿ ಅದು ದಂಡ. ತಾಜಾ ಇರುವಾಗಲೇ ಎತ್ತಿಬಿಟ್ಟರೆ ಮಾತ್ರ ಹುಳ ಬೆಳೆಯುವ ಪ್ರಶ್ನೆಯೇ ಇಲ್ಲ.

ಸಲಕರಣೆ ಏನೂ ಬೇಡ. ಉದ್ದ ಹಿಡಿಯ ಕಸದ ಮೊರ, ಒಂದು ಕಡ್ಡಿಪೊರಕೆ, ಮುಚ್ಚಳ ಇರುವ ಹಳೇ ಬಕೆಟ್. ಇವು ನಾಯಿ ಜಾಗಕ್ಕೇ ಮೀಸಲು. ಅದೇ ಪೊರಕೆಯಲ್ಲಿ ಮನೆ ಮುಂದೆ ಗುಡಿಸಿ ರಂಗೋಲಿ ಹಾಕಲು ಹೋಗಬೇಡಿ. ಭೇದಿ ಆಗಿದ್ದರೆ ಮೇಲೆ ಒಲೆ ಬೂದಿಯನ್ನೋ ಮರದ ಹೊಟ್ಟನ್ನೋ ಉದುರಿಸಿ ಎರಡು ನಿಮಿಷ ಬಿಟ್ಟು ಕೆರೆದು ತೆಗೆಯಿರಿ, ನೀರು ಹಾಕಿದರೆ ಅಂಟಿಕೊಂಡು ಹರಡುತ್ತದೆ.

ಎತ್ತಿದ್ದನ್ನು ಎಲ್ಲಿ ಹಾಕುವುದು? ಪೇಟೆಯಲ್ಲಿ ಸುಲಭದ ದಾರಿ ಟಾಯ್ಲೆಟ್‌ಗೆ ಹಾಕಿ ನೀರು ಬಿಡುವುದು, ಕವರ್ ಇಲ್ಲದೆ. ತೋಟ ಇದ್ದವರು ಆಳ ಗುಂಡಿ ತೆಗೆದು ಹಾಕಿ ಮಣ್ಣು ಮುಚ್ಚುತ್ತಾ ಹೋಗಬಹುದು. ಬಾವಿ, ಕೆರೆ, ತರಕಾರಿ ಮಡಿ ಹತ್ತಿರ ಬೇಡ. ಅಡುಗೆಮನೆ ಕಾಂಪೋಸ್ಟ್ ತೊಟ್ಟಿಗೂ ಬೇಡ, ಮನೆಯಲ್ಲಿ ಮಾಡುವ ಗೊಬ್ಬರ ಹುಳದ ಮೊಟ್ಟೆ ಸಾಯುವಷ್ಟು ಬಿಸಿ ಏರುವುದಿಲ್ಲ. ಪಕ್ಕದ ಖಾಲಿ ಸೈಟಿಗೆ ಎಸೆಯುವವರಿಗೆ ನಾನು ಏನೂ ಹೇಳುವುದಿಲ್ಲ, ಅವರಿಗೂ ಗೊತ್ತಿದೆ.

ಸಿಮೆಂಟು, ಚಪ್ಪಡಿ ನೆಲ

ಇಂಥ ನೆಲ ಇದ್ದರೆ ನೀವು ಅದೃಷ್ಟವಂತರು. ವಾರಕ್ಕೊಮ್ಮೆ ಪೂರ್ತಿ ತೊಳೆದರೆ ಸಾಕು. ಎರಡು ಮೂರು ನಾಯಿ ಇದ್ದರೆ ವಾರಕ್ಕೆ ಎರಡು ಸಲ.

ನಾಯಿಯನ್ನು ಮೊದಲು ಬೇರೆ ಕಡೆ ಕಟ್ಟಿ. ಜಾಲರಿಯ ಆಚೆಗಲ್ಲ, ಕಣ್ಣಿಗೆ ಕಾಣದ ಕಡೆ, ಇಲ್ಲದಿದ್ದರೆ ಇಡೀ ಹೊತ್ತು ಬೊಗಳುತ್ತದೆ, ಇಲ್ಲವೇ ಸಂದಿಯಲ್ಲಿ ಮೂತಿ ತೂರಿಸಿ ಬ್ಲೀಚ್ ನೀರು ನೆಕ್ಕಲು ನೋಡುತ್ತದೆ. ನೀರಿನ ಬಟ್ಟಲು, ಊಟದ ತಟ್ಟೆ, ಗೋಣಿ ತಾಟು, ಚೆಂಡು, ಅರ್ಧ ಕಡಿದ ಚಪ್ಪಲಿ ಎಲ್ಲಾ ಹೊರಗೆ ತೆಗೆಯಿರಿ. ಕಾಲಿಗೆ ಗಮ್‌ಬೂಟು, ಕೈಗೆ ರಬ್ಬರ್ ಗ್ಲೌಸ್. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಇಲ್ಲದೆ ಇಳಿಯಲೇಬೇಡಿ.

ಒಣಗಿರುವಾಗಲೇ ಗುಡಿಸಿ ಕೂದಲು, ಎಲೆ, ಧೂಳು ತೆಗೆಯಿರಿ. ಆಮೇಲೆ ಬರೀ ನೀರು ಹಾಕಿ ಉಚ್ಚೆ ಬಿದ್ದ ಜಾಗಗಳನ್ನು ಚೆನ್ನಾಗಿ ತೊಳೆಯಿರಿ. ಈ ಹಂತ ತಪ್ಪಿಸಬಾರದು. ಹಳೇ ಉಚ್ಚೆಯಲ್ಲಿ ಅಮೋನಿಯಾ ಇರುತ್ತದೆ, ಕಣ್ಣು ಉರಿಸುವ ಆ ಘಾಟು ಅದರದ್ದೇ. ಅದರ ಮೇಲೆ ನೇರ ಬ್ಲೀಚ್ ಬಿದ್ದರೆ ಕ್ಲೋರಮೈನ್ ಎನ್ನುವ ವಿಷದ ಗಾಳಿ ಏಳುತ್ತದೆ. ತೆರೆದ ಜಾಗ ತಾನೇ ಅಂತ ಉದಾಸೀನ ಮಾಡಬೇಡಿ, ಮೇಲೆ ಶೀಟು ಹೊದಿಸಿ ಮೂರು ಕಡೆ ಗೋಡೆ ಇದ್ದರೆ ಅದು ಅರ್ಧ ಕೋಣೆಯೇ.

ಈಗ ಬಟ್ಟೆ ಒಗೆಯುವ ಪುಡಿ ಕಲಸಿದ ನೀರು, ಗಡಸು ಬ್ರಶ್. ಉಜ್ಜಿ. ಗಂಡು ನಾಯಿ ಇದ್ದರೆ ಅದು ದಿನಾ ಕಾಲೆತ್ತುವ ಕಂಬದ ಬುಡ, ಗೇಟಿನ ಮೂಲೆ, ಗೋಡೆಯ ಕೆಳಗಿನ ಒಂದೂವರೆ ಅಡಿ, ಇವನ್ನು ನೆಲಕ್ಕಿಂತ ಜಾಸ್ತಿ ಉಜ್ಜಬೇಕು. ಚಪ್ಪಡಿ ನೆಲವಾದರೆ ಸಂದುಗಳಲ್ಲಿ ಬ್ರಶ್ ಆಡಿಸಬೇಕು. ಕಾರು ತೊಳೆಯುವ ಪ್ರೆಶರ್ ವಾಷರ್ ಇದೆ ಅಂತ ಮಲದ ಮೇಲೇ ಹೊಡೆಯುವವರಿದ್ದಾರೆ. ಅದು ಗಲೀಜನ್ನು ಸಣ್ಣ ಹನಿ ಮಾಡಿ ಗೋಡೆಗೆ, ಜಾಲರಿಗೆ, ನಿಮ್ಮ ಮುಖಕ್ಕೆ ಹಾರಿಸುತ್ತದೆ. ಎತ್ತಿ, ಉಜ್ಜಿ ಆದಮೇಲೆ ಬೇಕಾದರೆ ಬಳಸಿ. ಸೋಪು ಹೋಗುವವರೆಗೆ ತೊಳೆದು ವೈಪರ್‌ನಲ್ಲಿ ನೀರು ಎಳೆದುಬಿಡಿ. ನಿಂತ ನೀರಿನ ಮೇಲೆ ಔಷಧಿ ಹಾಕಿದರೆ ಅದು ತೆಳುವಾಗಿ ಕೆಲಸಕ್ಕೆ ಬಾರದೆ ಹೋಗುತ್ತದೆ.

ನೀರಿನ ಬಗ್ಗೆ ಒಂದು ಮಾತು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಆಗಿತ್ತು, ನೆನಪಿದೆ ಅಲ್ವಾ? ನಾಯಿ ಜಾಗದ ಮೊದಲ ಎರಡು ಸುತ್ತಿಗೆ ಒಳ್ಳೆ ನೀರು ಬೇಕಾಗಿಲ್ಲ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು, ಬಟ್ಟೆ ಜಾಲಿಸಿದ ನೀರು ಧಾರಾಳ ಆಗುತ್ತದೆ. ಔಷಧಿ ಕಲಸಲು ಮತ್ತು ಕೊನೆಯ ಸುತ್ತಿಗೆ ಮಾತ್ರ ಶುದ್ಧ ನೀರು ಇಟ್ಟುಕೊಳ್ಳಿ.

ಬ್ಲೀಚ್ ಕಲಸುವ ಲೆಕ್ಕ

ಮನೆಯ ನಾಯಿ ಜಾಗಕ್ಕೆ ಅಗ್ಗವಾದ, ನಂಬಬಹುದಾದ ಔಷಧಿ ಬ್ಲೀಚ್. ಎರಡು ರೂಪದಲ್ಲಿ ಸಿಗುತ್ತದೆ. ಒಂದು ದ್ರವ, ಅಂಗಡಿಯವರು ಹೈಪೋ ಅನ್ನುತ್ತಾರೆ, ಡಬ್ಬಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಅಂತ ಇರುತ್ತದೆ. ಇನ್ನೊಂದು ಎಲ್ಲರಿಗೂ ಗೊತ್ತಿರುವ ಬ್ಲೀಚಿಂಗ್ ಪೌಡರ್.

ದ್ರವ ಶೇ. 5ರದ್ದಾದರೆ ಹತ್ತು ಲೀಟರ್ ಬಕೆಟ್ ನೀರಿಗೆ 300 ಮಿಲಿ. ಶೇ. 10ರದ್ದಾದರೆ ಅದರ ಅರ್ಧ, 150 ಮಿಲಿ. ಡಬ್ಬಿ ಓದದೆ ಅಂದಾಜಿನಲ್ಲಿ ಸುರಿಯಬೇಡಿ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಪೌಡರ್ ಆದರೆ, ಒಳ್ಳೆಯ ಹೊಸ ಪೌಡರ್‌ನಲ್ಲಿ ಸುಮಾರು ಶೇ. 30ರಷ್ಟು ಕ್ಲೋರಿನ್ ಇರುತ್ತದೆ, ಹತ್ತು ಲೀಟರ್‌ಗೆ 50 ಗ್ರಾಂ ಸಾಕು. ಮೊದಲು ಪ್ಲಾಸ್ಟಿಕ್ ಮಗ್‌ನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಬಕೆಟಿಗೆ ಸೇರಿಸಿ, ಅರ್ಧ ಗಂಟೆ ಬಿಡಿ. ಸುಣ್ಣ ತಳ ಸೇರುತ್ತದೆ. ಮೇಲಿನ ತಿಳಿನೀರು ಮಾತ್ರ ಬಳಸಿ. ಪೌಡರ್ ಗಂಟು ಕಟ್ಟಿದ್ದರೆ, ಒದ್ದೆಯಾಗಿದ್ದರೆ, ಮೂಗಿಗೆ ಹೊಡೆಯುವ ಘಾಟು ಇಲ್ಲದಿದ್ದರೆ ಅದರಲ್ಲಿ ಉಳಿದಿರುವುದು ಬರೀ ಸುಣ್ಣ. ಹೋದ ವರ್ಷ ತಂದು ಬಚ್ಚಲಿನ ಮೂಲೆಯಲ್ಲಿ ಬಾಯಿ ಬಿಚ್ಚಿ ಇಟ್ಟ ಪ್ಯಾಕೆಟ್ ಇದ್ದರೆ ಬಿಸಾಡಿ.

ಬಿಸಿನೀರಲ್ಲಿ ಕಲಸಬಾರದು. ಲೋಹದ ಪಾತ್ರೆಯಲ್ಲಿ ಕಲಸಬಾರದು. ಕಲಸಿದ್ದನ್ನು ನಾಳೆಗೆ ಇಡಬಾರದು, ಶಕ್ತಿ ಇಳಿಯುತ್ತದೆ. ಮೈಮೇಲೆ ಹಳೇ ಬಟ್ಟೆ ಇರಲಿ, ಒಳ್ಳೆ ಬಟ್ಟೆಗೆ ಹನಿ ಬಿದ್ದರೆ ಬಿಳಿ ಕಲೆ ಖಾಯಂ.

ಹಾಕುವ ಬಗೆ: ಹೂವಿನ ಗಿಡಕ್ಕೆ ನೀರು ಹಾಕುವ ಝರಿ ಡಬ್ಬ ಇದ್ದರೆ ಅನುಕೂಲ, ಇಲ್ಲದಿದ್ದರೆ ಮಗ್‌ನಲ್ಲಿ ಸುರಿದು ಪೊರಕೆಯಲ್ಲಿ ಹರಡಿ. ನೆಲ, ಗೋಡೆಯ ಕೆಳಭಾಗ, ಗೇಟಿನ ಚಿಲಕ ಎಲ್ಲಾ ಒದ್ದೆ ಆಗಬೇಕು, ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಮುಖ್ಯವಾದ ಮಾತು ಇದು. ಏಪ್ರಿಲ್ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಮಧ್ಯಾಹ್ನ ಹಾಕಿದರೆ ಮೂರು ನಿಮಿಷಕ್ಕೆ ಆರಿಹೋಗುತ್ತದೆ, ಮೇಲಾಗಿ ಬಿಸಿಲು ಬ್ಲೀಚನ್ನೂ ಬೇಗ ಕೊಲ್ಲುತ್ತದೆ. ಹಾಗಾಗಿ ಬೆಳಗ್ಗೆ ಬಿಸಿಲೇರುವ ಮುಂಚೆ ಔಷಧಿ ಹಾಕಿ, ಬಿಸಿಲು ಬರುವ ಹೊತ್ತಿಗೆ ತೊಳೆದು, ಒಣಗಲು ಬಿಡಿ. ಔಷಧಿಗೆ ನೆರಳು, ಒಣಗುವುದಕ್ಕೆ ಬಿಸಿಲು. ಕಾಯುವಾಗ ಅದು ಆರುತ್ತಿದ್ದರೆ ಇನ್ನೊಂದಿಷ್ಟು ಹಾಕಿ.

ಹತ್ತು ನಿಮಿಷ ಆದಮೇಲೆ ಎರಡು ಸಲ ನೀರು ಹಾಕಿ ತೊಳೆಯಿರಿ. ಜಾಲರಿ ಮತ್ತು ಕಂಬಕ್ಕೂ ನೀರು ಹಾಕಿ, ಬ್ಲೀಚ್ ಅಲ್ಲೇ ಉಳಿದರೆ ಜಿಐ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತೊಳೆದ ನೀರು ಗಿಡಕ್ಕೆ, ಮೀನಿನ ತೊಟ್ಟಿಗೆ ಹೋಗದ ಹಾಗೆ ನೋಡಿಕೊಳ್ಳಿ. ನೆಲ ಪೂರ್ತಿ ಒಣಗಿ, ಬಗ್ಗಿ ಮೂಸಿದರೆ ಘಾಟು ಇಲ್ಲ ಅಂದಾಗ ಮಾತ್ರ ನಾಯಿ ಬಿಡಿ. ನಾಯಿ ಪಾದ ನೆಕ್ಕುತ್ತದೆ. ಅದರ ಪಾದಕ್ಕೆ ಅಂಟಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಎಂದೇ ಲೆಕ್ಕ.

ಬ್ಲೀಚಿನ ಘಾಟು ಆಗದವರಿಗೆ ಇನ್ನೊಂದು ದಾರಿ ಇದೆ. ಕೋಳಿ ಫಾರಂನವರು ಬಳಸುವ ವಿರ್ಕಾನ್ ಎಸ್ ಎಂಬ ಗುಲಾಬಿ ಬಣ್ಣದ ಪುಡಿ, ಪಶು ಔಷಧಿ ಅಂಗಡಿಗಳಲ್ಲಿ ಕೇಳಿ ನೋಡಿ. ಲೀಟರ್‌ಗೆ 10 ಗ್ರಾಂ, ಹತ್ತು ನಿಮಿಷ. ದುಬಾರಿ, ಆದರೆ ನಾಯಿಗಳಿಗೆ ಜೀವಕ್ಕೇ ಕುತ್ತು ತರುವ ವಾಂತಿಭೇದಿ ಹಚ್ಚುವ ಪಾರ್ವೊ ವೈರಸ್‌ಗೂ ಕೆಲಸ ಮಾಡುತ್ತದೆ. ಪುಡಿ ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿಕೊಂಡು ಕಲಸಿ.

ಬೇಡದ ಕೆಲಸಗಳು

ಫಿನಾಯಿಲ್ ಯಾಕೆ ಬೇಡ ಅಂದರೆ, ಕರಿ ಫಿನಾಯಿಲ್‌ನಲ್ಲಿ ಇರುವುದು ಡಾಂಬರಿನ ಕಡೆಯಿಂದ ಬಂದ ಫಿನಾಲ್ ಜಾತಿಯ ರಾಸಾಯನಿಕ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ಮನೆಯಲ್ಲಿ ಬೆಕ್ಕೂ ಇದ್ದರಂತೂ ಮುಟ್ಟಲೇಬೇಡಿ, ಬೆಕ್ಕಿನ ದೇಹಕ್ಕೆ ಫಿನಾಲನ್ನು ಅರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ಇಷ್ಟೆಲ್ಲಾ ಮಾಡಿಯೂ ಪಾರ್ವೊ ವೈರಸ್ ಅದಕ್ಕೆ ಸಾಯುವುದಿಲ್ಲ. ಬಿಳಿ ಫಿನಾಯಿಲ್ ಹೆಚ್ಚಾಗಿ ಪೈನ್ ಎಣ್ಣೆಯದು, ಅದೂ ನಾಯಿ ಜಾಗಕ್ಕೆ ಸಲ್ಲ. ಡೆಟಾಲ್ ಕೂಡ ಇದೇ ಸಾಲು.

ಬ್ಲೀಚಿಂಗ್ ಪೌಡರನ್ನು ಒಣ ಒಣ ಉದುರಿಸುವುದು ನಮ್ಮ ಊರುಗಳ ಚರಂಡಿ ನೋಡಿ ಕಲಿತ ಅಭ್ಯಾಸ. ಚೆನ್ನಾಗಿ ಕಾಣುತ್ತದೆ, ಕೆಲಸ ಆದ ಹಾಗೆ ಅನಿಸುತ್ತದೆ. ನಾಯಿಯ ಪಾದ ಮತ್ತು ಮೂಗು ಸುಡುವುದು ಬಿಟ್ಟರೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಬ್ಲೀಚ್ ಜೊತೆ ಹಾರ್ಪಿಕ್, ಬಾತ್‌ರೂಮ್ ಆಸಿಡ್, ವಿನೆಗರ್ ಯಾವುದೂ ಸೇರಬಾರದು. ಆಸಿಡ್ ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ, ಅದು ಶ್ವಾಸಕೋಶಕ್ಕೆ ಅಪಾಯ. ಎರಡೂ ಸೇರಿದರೆ ಡಬಲ್ ಸ್ಟ್ರಾಂಗ್ ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಸಗಣಿ ಸಾರಿಸುವುದರ ಬಗ್ಗೆ ಹಳ್ಳಿ ಕಡೆಯವರು ಕೇಳುತ್ತಾರೆ. ಮಣ್ಣಿನ ನೆಲದ ಧೂಳು ಕೂರುತ್ತದೆ ನಿಜ, ನೋಡಲೂ ಚೆಂದ. ಆದರೆ ಮಲದ ಕಲೆ ಮೇಲೆ ಸಗಣಿ ಬಳಿದರೆ ಕಲೆ ಮುಚ್ಚುತ್ತದೆ, ಕ್ರಿಮಿ ಸಾಯುವುದಿಲ್ಲ. ಬೇವಿನ ನೀರು, ಅರಿಶಿನ ನೀರು, ಕರ್ಪೂರಕ್ಕೂ ಇದೇ ಉತ್ತರ.

ವಾಸನೆ ಮಾತ್ರ ಹೋಗುತ್ತಿಲ್ಲ ಅನ್ನುವವರು ಪೆಟ್ ಶಾಪ್‌ನಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಪ್ರಯತ್ನಿಸಿ. ಉಚ್ಚೆ ಹೀರಿಕೊಂಡ ಸಿಮೆಂಟಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಲೀಚ್ ಹಾಕಿದ ದಿನವೇ ಹಾಕಬೇಡಿ, ಬ್ಲೀಚ್ ಆ ಎನ್‌ಜೈಮ್‌ನ್ನೇ ಹಾಳು ಮಾಡುತ್ತದೆ.

ಮಣ್ಣು, ಜಲ್ಲಿ, ಹುಲ್ಲು ಇದ್ದರೆ

ನಿಜವಾದ ಕಷ್ಟ ಇಲ್ಲಿದೆ. ಮಣ್ಣನ್ನು ಸ್ಯಾನಿಟೈಸ್ ಮಾಡಲು ಆಗುವುದಿಲ್ಲ. ಬ್ಲೀಚ್ ಮಣ್ಣಿಗೆ ಬಿದ್ದ ಕೂಡಲೇ ಅದರ ಶಕ್ತಿಯೆಲ್ಲ ಮಣ್ಣಿನ ಕಸಕಡ್ಡಿಯ ಮೇಲೇ ಖರ್ಚಾಗುತ್ತದೆ, ವೈರಸ್‌ವರೆಗೆ ತಲುಪುವುದೇ ಇಲ್ಲ. ಬಕೆಟ್‌ಗಟ್ಟಲೆ ಸುರಿದರೆ ಸಾಯುವುದು ಹುಲ್ಲು ಮತ್ತು ಎರೆಹುಳ. ಹಾಗಾಗಿ ಮಣ್ಣಿನ ಜಾಗದಲ್ಲಿ ನಿಮ್ಮ ಕೈಲಿರುವುದು ಮೂರೇ: ಬೇಗ ಎತ್ತುವುದು, ನೀರು ನಿಲ್ಲದ ಹಾಗೆ ಮಾಡುವುದು, ಬಿಸಿಲು ಬೀಳಿಸುವುದು.

ಬಿಸಿಲು ಬೀಳಬೇಕಾದರೆ ಮೇಲಿನ ಕೊಂಬೆ ಸವರಬೇಕು, ಹುಲ್ಲು ಗಿಡ್ಡ ಕತ್ತರಿಸಬೇಕು. ಅರ್ಧ ಜಾಗ ನೆರಳು, ಅರ್ಧ ಬಿಸಿಲು ಇರಲಿ, ನಾಯಿಗೆ ನೆರಳೂ ಬೇಕಲ್ಲ. ನೀರು ಎಲ್ಲಿ ನಿಲ್ಲುತ್ತದೆ ಅಂತ ತಿಳಿಯಲು ಒಂದು ಜೋರು ಮಳೆ ಬಂದು ಹೋದ ಮೇಲೆ ಹೋಗಿ ನೋಡಿ. ಮುಧೋಳದಂಥ ಓಡುವ ತಳಿ ಇದ್ದರೆ ಬೇಲಿಯ ಪಕ್ಕದಲ್ಲೇ ಓಡಿ ಓಡಿ ಉದ್ದಕ್ಕೂ ಕಾಲುವೆ ತೋಡಿರುತ್ತದೆ, ನೀರು ನಿಲ್ಲುವುದು ಅಲ್ಲೇ, ಕೊಕ್ಕೆಹುಳದ ಮರಿ ಬೆಳೆಯುವುದೂ ಅಲ್ಲೇ. ಆ ಪಟ್ಟಿಗೆ ಮಾತ್ರ ಎರಡು ಅಡಿ ಅಗಲ ಚಪ್ಪಡಿ ಹಾಸಿಬಿಡಿ. ಇಡೀ ಜಾಗಕ್ಕೆ ಕಾಂಕ್ರೀಟ್ ಹಾಕುವ ಖರ್ಚು ಉಳಿಯುತ್ತದೆ, ಉಗುರೂ ಒಂದಿಷ್ಟು ಸವೆಯುತ್ತದೆ.

ಜಲ್ಲಿ ಹಾಕುವುದಾದರೆ ದೊಡ್ಡ ಚೂಪು ಜಲ್ಲಿ ಬೇಡ, ಪಾದ ಕುಯ್ಯುತ್ತದೆ. ಸಣ್ಣ ಬೇಬಿ ಜಲ್ಲಿ ನಾಲ್ಕು ಇಂಚು ದಪ್ಪಕ್ಕೆ ಹಾಕಿ. ಅದರ ಕೆಳಗೆ ನೀರು ಇಳಿಯುವ ಬಟ್ಟೆ ಹಾಸಿದರೆ ಜಲ್ಲಿ ಮಣ್ಣಲ್ಲಿ ಹೂತು ಹೋಗುವುದಿಲ್ಲ. ಜಲ್ಲಿಯಲ್ಲಿ ಮಲ ಎತ್ತುವುದು ಸುಲಭ, ಉಚ್ಚೆ ಕೆಳಗೆ ಇಳಿಯುತ್ತದೆ, ವಾರಕ್ಕೊಮ್ಮೆ ಕುಂಟೆಯಲ್ಲಿ ತಿರುವಿ ಹಾಕಿ ನೀರು ಬಿಟ್ಟರೆ ಸಾಕು. ಮೇಲಿನ ಪದರವನ್ನು ವರ್ಷಕ್ಕೊಮ್ಮೆ ತೆಗೆದು ಹೊಸದು ಹಾಕುವುದು ಒಳ್ಳೆಯದು. ಲ್ಯಾಬ್ರಡಾರ್ ಮರಿ ಇರುವವರು ಜಲ್ಲಿಯ ಆಸೆ ಬಿಡಿ, ಅದು ಕಲ್ಲನ್ನೂ ನುಂಗುತ್ತದೆ. ಮರಳು ಮೆತ್ತಗಿರುತ್ತದೆ, ಆದರೆ ಬೀದಿಯ ಬೆಕ್ಕುಗಳೆಲ್ಲ ಅಲ್ಲಿಗೇ ಬರುತ್ತವೆ.

ಹೊಸದಾಗಿ ಕಾಂಕ್ರೀಟ್ ಹಾಕಿಸುವವರಿಗೆ: ಹತ್ತು ಅಡಿಗೆ ಎರಡೂವರೆ ಇಂಚು ಇಳಿಜಾರು ಇರಬೇಕು ಅಂತ ಮೇಸ್ತ್ರಿಗೆ ಮೊದಲೇ ಹೇಳಿ. ಕೆಲಸ ಮುಗಿದಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ, ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಸ್ತ್ರಿ ದುಡ್ಡು ತೆಗೆದುಕೊಳ್ಳುವ ಮುಂಚೆ ಸರಿ ಮಾಡಿಸಿ. ನುಣುಪು ಮಾಡಿಸಬೇಡಿ, ಒದ್ದೆಯಾದಾಗ ನಾಯಿ ಜಾರುತ್ತದೆ.

ಉಣ್ಣೆ (ಟಿಕ್): ನಾಯಿ ಮೈಮೇಲೆ ಇರುವುದು ಸ್ವಲ್ಪ, ಗೋಡೆಯಲ್ಲಿ ಇರುವುದು ಜಾಸ್ತಿ

ನಮ್ಮ ಕಡೆ ನಾಯಿಗಳಿಗೆ ಬರುವ ಟಿಕ್ ಫೀವರ್ ಹರಡುವುದು ಕಂದು ಬಣ್ಣದ ನಾಯಿ ಉಣ್ಣೆಯಿಂದ. ರಕ್ತ ಕುಡಿದು ಊದಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ಉದುರಿ ನೆಲದಲ್ಲಿ ಕೂರುವುದಿಲ್ಲ, ಗೋಡೆ ಹತ್ತುತ್ತದೆ. ಬಿರುಕು, ಶೀಟಿನ ಅಂಚು, ಮರದ ಬಾಗಿಲ ಸಂದು, ಎಲ್ಲಾದರೂ ತೂರಿಕೊಂಡು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ದೊಡ್ಡ ಉಣ್ಣೆ ಏನೂ ತಿನ್ನದೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಕ್ಕೂ ಮೇಲೆ ಬದುಕಬಲ್ಲದು. ನೆಲ ಎಷ್ಟು ತೊಳೆದರೂ ಉಣ್ಣೆ ಮತ್ತೆ ಬರುತ್ತದೆ ಅನ್ನುವವರು ತಲೆ ಎತ್ತಿ ನೋಡಬೇಕು.

ರಾತ್ರಿ ಟಾರ್ಚ್ ಹಿಡಿದು ಗೋಡೆಯ ಮೇಲಿನ ಅಂಚು ನೋಡಿ, ಎಲ್ಲಿ ಅಡಗಿವೆ ಅಂತ ಗೊತ್ತಾಗುತ್ತದೆ. ಬಿರುಕುಗಳಿಗೆ ಮೊದಲು ಕುದಿಯುವ ನೀರು ಸುರಿದು, ಒಣಗಿದ ಮೇಲೆ ಸಿಮೆಂಟು ತುಂಬಿಸಿಬಿಡಿ. ಇದೊಂದು ಕೆಲಸ ಹತ್ತು ಸ್ಪ್ರೇಗೆ ಸಮ. ಕರಾವಳಿ, ಮಲೆನಾಡಿನ ಮುರಕಲ್ಲಿನ ಗೋಡೆ ಇದ್ದರೆ ತೊಂದರೆ ಹೆಚ್ಚು, ಆ ಕಲ್ಲಿನಲ್ಲಿ ತೂತುಗಳೇ ತೂತು, ಜೇನುಗೂಡಿನ ಹಾಗೆ. ಪ್ಲಾಸ್ಟರ್ ಮಾಡಿಸುವುದೇ ಪರಿಹಾರ. ಅಷ್ಟು ಖರ್ಚು ಬೇಡ ಅಂದರೆ ವರ್ಷಕ್ಕೆರಡು ಸಲ ಗಟ್ಟಿಯಾಗಿ ಸುಣ್ಣ ಬಳಿಸಿ, ಸಂದುಗಳು ಮುಚ್ಚುವ ಹಾಗೆ. ಹಸಿ ಸುಣ್ಣ ಕಣ್ಣು, ಪಾದ ಸುಡುತ್ತದೆ, ಪೂರ್ತಿ ಒಣಗುವವರೆಗೆ ನಾಯಿ ಬಿಡಬೇಡಿ. ಗ್ಯಾಸ್ ಟಾರ್ಚ್‌ನಲ್ಲಿ ಗೋಡೆ ಸುಡುವವರೂ ಇದ್ದಾರೆ, ಬರೀ ಕಲ್ಲಿನ ಗೋಡೆಗೆ ಸರಿ. ಹತ್ತಿರದಲ್ಲಿ ಶೇಡ್‌ನೆಟ್, ಪ್ಲಾಸ್ಟಿಕ್ ಶೀಟು, ಒಣ ಹುಲ್ಲು ಇದ್ದರೆ ಯೋಚನೆಯನ್ನೇ ಬಿಡಿ.

ಉಣ್ಣೆ ಸ್ಪ್ರೇ ಔಷಧಿಗಳು ದನಗಳಿಗೆ ಬಳಸುವಂಥವೇ, ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಹೀಗೆ. ಎಷ್ಟು ಕಲಸಬೇಕು ಅಂತ ಪಶು ವೈದ್ಯರನ್ನು ಕೇಳಿ, ಪಕ್ಕದ ಮನೆಯವರನ್ನಲ್ಲ. ಬೆಕ್ಕಿಗೂ ಮೀನಿಗೂ ಡೆಲ್ಟಾಮೆಥ್ರಿನ್ ವಿಷ. ಒಮ್ಮೆ ಹೊಡೆದು ಕೈತೊಳೆದುಕೊಳ್ಳುವ ಹಾಗಿಲ್ಲ, ಉಳಿದ ಮೊಟ್ಟೆ ಕೆಲವು ವಾರದಲ್ಲಿ ಒಡೆಯುತ್ತವೆ, ಆಗ ಮತ್ತೆ ಹೊಡೆಯಬೇಕು. ಅದೇ ಹೊತ್ತಿಗೆ ನಾಯಿಗೂ ಔಷಧಿ ನಡೆಯುತ್ತಿರಬೇಕು. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳಿವೆ, ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಜಾಗ ಬಿಟ್ಟು ನಾಯಿಗೆ ಮಾತ್ರ ಔಷಧಿ, ಇಲ್ಲವೇ ನಾಯಿ ಬಿಟ್ಟು ಜಾಗಕ್ಕೆ ಮಾತ್ರ, ಎರಡೂ ದುಡ್ಡು ದಂಡ. ಕಿತ್ತ ಉಣ್ಣೆಯನ್ನು ಉಗುರಲ್ಲಿ ಒತ್ತಿ ಒಡೆಯಬೇಡಿ, ಸ್ಪಿರಿಟ್ ಇರುವ ಶೀಶೆಗೆ ಹಾಕಿ. ಕಾಂಪೌಂಡಿನ ಆಚೆ ಬೀದಿನಾಯಿಗಳು ಗೋಡೆಗೆ ಒರಗಿ ಮಲಗುವ ಜಾಗ ಇದ್ದರೆ ಆ ಕಡೆಯ ಬಿರುಕುಗಳನ್ನೂ ಮುಚ್ಚಿಸಿ.

ಮಲೆನಾಡಿನವರು ಉಣ್ಣೆ ಅಂದ ಕೂಡಲೇ ಮಂಗನ ಕಾಯಿಲೆ ನೆನಪಿಸಿಕೊಳ್ಳುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗ ಹರಡುವುದು ಕಾಡಿನ ಬೇರೆ ಜಾತಿಯ ಉಣ್ಣೆಯಿಂದ, ಗೋಡೆಯ ಈ ಕಂದು ಉಣ್ಣೆಯಿಂದಲ್ಲ. ಆದರೂ ಕಾಡಂಚಿಗೆ ಹೋಗಿಬರುವ ನಾಯಿಯಾದರೆ ಒಳಗೆ ಬಿಡುವ ಮುಂಚೆ ಕಿವಿ, ಕಂಕುಳು, ಬೆರಳ ಸಂದು ನೋಡಿ.

ಮಳೆಗಾಲ

ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಅದೇ ಸಮಸ್ಯೆ. ಆಗುಂಬೆ, ಮಡಿಕೇರಿ ಕಡೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮೇಲೆ ಅರ್ಧಕ್ಕಾದರೂ ಶೀಟು ಹಾಕಿ, ಮಳೆ ನೀರು ಒಳಗೆ ಹರಿಯದ ಹಾಗೆ ಸುತ್ತ ಸಣ್ಣ ಚರಂಡಿ ತೋಡಿ. ಸಿಮೆಂಟಿಗೆ ಪಾಚಿ ಹಿಡಿದರೆ ಮೊದಲು ಗಡಸು ಬ್ರಶ್‌ನಲ್ಲಿ ಕೆರೆದು, ಮೇಲೆ ಹೇಳಿದ ಬ್ಲೀಚ್ ತಿಳಿನೀರು ಹಾಕಿ. ಬಿಡುವು ಕೊಟ್ಟ ದಿನ ಬೆಳಗ್ಗೆ ತೊಳೆದುಬಿಡಿ. ಬಿಡುವೇ ಇಲ್ಲ ಅಂದರೆ ನೀರು ಸುರಿಯುವುದು ಕಡಿಮೆ ಮಾಡಿ, ಎತ್ತುವುದು, ವೈಪರ್ ಎಳೆಯುವುದು ಜಾಸ್ತಿ ಮಾಡಿ.

ಈ ಕಾಲದ ದೊಡ್ಡ ಭಯ ಇಲಿ ಜ್ವರ. ಇಲಿಯ ಉಚ್ಚೆ ಬೆರೆತ ನಿಂತ ನೀರಿನಿಂದ ನಾಯಿಗೂ ಬರುತ್ತದೆ, ನಾಯಿಯ ಉಚ್ಚೆಯಿಂದ ನಿಮಗೂ ಬರಬಹುದು. ಸಮಾಧಾನದ ವಿಷಯ ಅಂದರೆ ಈ ಕ್ರಿಮಿ ಒಣಗಿದರೂ ಸಾಯುತ್ತದೆ, ಬ್ಲೀಚಿಗೂ ಸಾಯುತ್ತದೆ. ಇಲಿ ಬರುವುದು ಊಟಕ್ಕೆ. ರಾತ್ರಿ ತಟ್ಟೆಯಲ್ಲಿ ಅನ್ನ ಬಿಡಬೇಡಿ, ನಾಯಿ ಊಟದ ಚೀಲವನ್ನು ಮುಚ್ಚಳದ ಡ್ರಮ್ಮಿನಲ್ಲಿ ಇಡಿ. ನಾಯಿಗೆ ವರ್ಷ ವರ್ಷ ಹಾಕಿಸುವ ಲಸಿಕೆಯಲ್ಲಿ ಲೆಪ್ಟೊ, ಅಂದರೆ ಇಲಿ ಜ್ವರದ್ದೂ ಇದೆಯೇ ಅಂತ ಕೇಳಿ.

ಬಟ್ಟಲು, ಹಾಸಿಗೆ, ಆಟಿಕೆ

ನೀರಿನ ಬಟ್ಟಲು ದಿನಾ ತೊಳೆದು ನೀರು ಬದಲಿಸಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಸ್ಟೀಲ್ ಬಟ್ಟಲು ಒಳ್ಳೆಯದು, ಗೀಚಿದ ಪ್ಲಾಸ್ಟಿಕ್ ಬಿಸಾಡಿ. ಗೋಣಿ ತಾಟು ಬಿಸಿನೀರಲ್ಲಿ ಒಗೆದು ಕಡು ಬಿಸಿಲಿಗೆ ಹಾಕಿ. ಮರದ ಗೂಡು ಇದ್ದರೆ ತಿಂಗಳಿಗೊಮ್ಮೆ ಬಿಸಿಲಿಗೆ ತಲೆಕೆಳಗಾಗಿ ನಿಲ್ಲಿಸಿ. ಹರಿದ ಆಟಿಕೆ ಉಳಿಸಿಕೊಳ್ಳುವ ಕರುಣೆ ಬೇಡ.

ಪಾರ್ವೊ ಬಂದು ಹೋಗಿದ್ದರೆ

ಇದು ಬೇರೆಯೇ ಲೆಕ್ಕ. ನಾಯಿಗಳಿಗೆ ಬರುವ ಇನ್ನೊಂದು ದೊಡ್ಡ ರೋಗ ಡಿಸ್ಟೆಂಪರ್. ಆ ವೈರಸ್‌ಗೆ ಮೇಲೊಂದು ಕೊಬ್ಬಿನ ಪೊರೆ ಇದೆ, ಸೋಪು ತಾಗಿದರೆ, ಒಣಗಿದರೆ ಅದರ ಕಥೆ ಮುಗಿಯಿತು. 1978ರ ಹೊತ್ತಿಗೆ ಜಗತ್ತಿಗೆ ಕಾಣಿಸಿಕೊಂಡ ಪಾರ್ವೊಗೆ ಆ ಪೊರೆಯೇ ಇಲ್ಲ. ಅದಕ್ಕೇ ಅಷ್ಟು ಗಟ್ಟಿ. ನೆರಳಿನ ಮಣ್ಣಿನಲ್ಲಿ ವರ್ಷದವರೆಗೂ, ಅದಕ್ಕಿಂತ ಹೆಚ್ಚೂ ಉಳಿಯಬಲ್ಲದು. ಗುಣವಾದ ನಾಯಿಯೂ ಮತ್ತೆ ಕೆಲವು ವಾರ ಮಲದಲ್ಲಿ ವೈರಸ್ ಬಿಡುತ್ತಿರುತ್ತದೆ.

ಸಿಮೆಂಟ್ ನೆಲವನ್ನು ಮೇಲೆ ಹೇಳಿದ ಕ್ರಮದಲ್ಲೇ, ಆದರೆ ಪೂರ್ತಿ ಎರಡು ಮೂರು ಸುತ್ತು ಮಾಡಿ. ಗೇಟು, ಪೈಪ್, ಪೊರಕೆ, ಮೊರ, ನಿಮ್ಮ ಬೂಟಿನ ಅಡಿ ಎಲ್ಲಕ್ಕೂ ಬ್ಲೀಚ್ ತಾಗಬೇಕು. ಹಾಸಿಗೆ, ಮರದ ಸಾಮಾನು, ಆಟಿಕೆ ಉಳಿಸಬೇಡಿ. ಮಣ್ಣಿನ ಜಾಗವಾದರೆ ಮೇಲಿನ ಮೂರು ನಾಲ್ಕು ಇಂಚು ಕೆರೆದು ತೆಗೆದು ಆಳವಾಗಿ ಹೂಳಿ, ಹೊಸ ಮಣ್ಣು ಹಾಕಿ, ಬಿಸಿಲು ಬೀಳಲಿ. ಇಷ್ಟಾದರೂ ಅಲ್ಲಿಗೆ ಲಸಿಕೆ ಮುಗಿಯದ ಮರಿಯನ್ನು ವರ್ಷದವರೆಗೆ ಬಿಡಬಾರದು. ಮರಿಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಹದಿನಾರು ವಾರ ತುಂಬಿದ ಮೇಲಿನ ಡೋಸ್‌ವರೆಗೆ ನಡೆಯುತ್ತದೆ. ಲಸಿಕೆ ಸರಿಯಾಗಿ ಆಗಿರುವ ದೊಡ್ಡ ನಾಯಿಗೆ ಅಷ್ಟು ಹೆದರಬೇಕಾಗಿಲ್ಲ.

ಇನ್ನೊಂದು. ಇಷ್ಟು ಜಾಗ್ರತೆ ಮಾಡಿಯೂ ನಾಯಿ ಬಕೆಟಿಗೆ ಬಾಯಿ ಹಾಕಿತು ಅಂದುಕೊಳ್ಳಿ. ವಾಂತಿ ಮಾಡಿಸಲು ಹೋಗಬೇಡಿ, ಉಪ್ಪು ನೀರು ಕುಡಿಸಬೇಡಿ, ಬ್ಲೀಚ್ ವಾಪಸ್ ಬರುವಾಗ ಗಂಟಲನ್ನು ಎರಡನೇ ಸಲ ಸುಡುತ್ತದೆ. ಬಾಯಿ, ಮೂತಿ, ಪಾದ ಚೆನ್ನಾಗಿ ನೀರಲ್ಲಿ ತೊಳೆಯಿರಿ, ಕುಡಿಯಲು ಶುದ್ಧ ನೀರು ಇಡಿ, ಕೂಡಲೇ ಪಶು ವೈದ್ಯರಿಗೆ ಫೋನ್ ಮಾಡಿ. ಆಸ್ಪತ್ರೆಗೆ ಹೊರಟರೆ ಬ್ಲೀಚ್ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಅದರಲ್ಲಿ ಏನಿದೆ, ಎಷ್ಟು ಪರ್ಸೆಂಟ್ ಅಂತ ಅವರು ಮೊದಲು ಕೇಳುವುದು ಅದನ್ನೇ.